ಇವತ್ತು ಇದೇನು?

ನಮ್ಮ ಹೊಲಿಗೆ ಫ್ಯಾಕ್ಟರಿಯಲ್ಲಿ ಮಕ್ಕಳ ಕೋಣೆ ಇರುವುದು ಕಟಿಂಗ್ ಸೆಕ್ಷನ್ನಿನ ಹಿಂದೆ. ಮೊದಲು ಅದು ಬಟ್ಟೆಯ ಸುರುಳಿ ಇಡುವ ಸ್ಟೋರಾಗಿತ್ತು. ಕಿಟಕಿ ಒಂದೇ, ಅದೂ ದೊಡ್ಡವರ ತಲೆಗಿಂತ ಮೇಲೆ. ಬೆಳಕು ಬರುತ್ತದೆ, ಹೊರಗಿನದು ಏನೂ ಕಾಣುವುದಿಲ್ಲ. ಒಂದು ಗೋಡೆಗೆ ಗಾಜಿನ ಬಾಗಿಲಿನ ಬೀರು. ಅದರ ತುಂಬ ಆಟದ ಸಾಮಾನು. ಗೊಂಬೆ, ರೈಲು, ಬಣ್ಣದ ಮರದ ತುಂಡು, ಪುಟ್ಟ ಪುಟ್ಟ ಅಡುಗೆ ಪಾತ್ರೆ. ಬೀಗದ ಕೈ ಆಫೀಸಿನಲ್ಲಿ. ತಪಾಸಣೆಯವರು ಬರುವ ದಿನ ಬೀಗ ತೆಗೆದು ಎಲ್ಲವನ್ನೂ ಚಾಪೆಯ ಮೇಲೆ ಹರಡುತ್ತಾರೆ. ಮುಟ್ಟಬೇಡಿ ಅಂತ ಮಕ್ಕಳಿಗೆ ಮೊದಲೇ ಹೇಳಿರುತ್ತಾರೆ. ಬಂದವರು ಹೋದ ಮೇಲೆ ಒರೆಸಿ ಒಳಗಿಟ್ಟು ಮತ್ತೆ ಬೀಗ.

ಆ ಕೋಣೆಯನ್ನು ಹನ್ನೊಂದು ವರ್ಷ ನೋಡಿಕೊಂಡವರು ಕೋನಕ್ಕ. ಅವರ ಬಗ್ಗೆ ನಾನು ಹಿಂದೆ ಒಂದು ಸಲ ಅರ್ಧ ಪುಟ ಬರೆದಿದ್ದೆ. ಆ ಅರ್ಧ ಪುಟದ ಕಥೆಯೂ ಇದರಲ್ಲೇ ಬರುತ್ತದೆ.

ದಾರ ಸುತ್ತಿಕೊಂಡು ಬರುವ ಪ್ಲಾಸ್ಟಿಕ್ ಕೋನುಗಳಿರುತ್ತವಲ್ಲ, ದಾರ ಮುಗಿದ ಮೇಲೆ ಅವನ್ನು ಚೀಲಕ್ಕೆ ತುಂಬಿ ಕಸಕ್ಕೆ ಹಾಕುತ್ತಾರೆ. ಅಕ್ಕ ಆ ಚೀಲಕ್ಕೆ ಕಾದು ನಿಲ್ಲುತ್ತಿದ್ದರು. ಅದಕ್ಕೇ ಆ ಹೆಸರು. ಹತ್ತೊಂಬತ್ತನೇ ವಯಸ್ಸಿಗೆ ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷ ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮೆಷಿನ್ನಿನಲ್ಲಿ ಕೂತವರು. ಒಂದು ದಿನ ಸೂಜಿ ಬಲಗೈ ತೋರುಬೆರಳಿನೊಳಗೆ ಮುರಿಯಿತು. ಕೀವಾಯಿತು. ಅರ್ಧ ಬೆರಳು ಹೋಯಿತು. ಬಟ್ಟೆ ತಳ್ಳಲು ಆ ಬೆರಳು ಬೇಕೇ ಬೇಕು. ಅದಿಲ್ಲದವರನ್ನು ಮಕ್ಕಳ ಕೋಣೆಗೆ ಹಾಕಿದರು.

ನಾನು ಪ್ಯಾಕಿಂಗಿನಲ್ಲಿ ರಟ್ಟಿನ ಡಬ್ಬ ಮಡಚುವವನು. ಹರಿದ ಡಬ್ಬ, ಅಂಚು ಮುರಿದ ಡಬ್ಬ ನಮ್ಮಲ್ಲಿ ದಿನಕ್ಕೆ ನಾಲ್ಕೈದು ಇರುತ್ತಿದ್ದವು. ಅಕ್ಕ ಬಂದು ಒಯ್ಯುತ್ತಿದ್ದರು. ಆಮೇಲಾಮೇಲೆ ನಾನೇ ಟ್ರಾಲಿಯಲ್ಲಿ ತಂದು ಬಾಗಿಲಲ್ಲಿ ಇಡತೊಡಗಿದೆ. ಹಾಗೆ ಇಡುವಾಗ ಒಳಗೆ ನಡೆಯುವುದು ನೋಡುತ್ತಿದ್ದೆ.

ಅವರದು ಒಂದೇ ಪದ್ಧತಿ. ಮಗು ಏನನ್ನೇ ಎತ್ತಿಕೊಳ್ಳಲಿ, ಅದರ ಹೆಸರು ಹೇಳಿಕೊಡುತ್ತಿರಲಿಲ್ಲ. "ಇವತ್ತು ಇದೇನು?" ಅಂತ ಕೇಳುತ್ತಿದ್ದರು. ಮಗು ಏನು ಅನ್ನುತ್ತದೋ, ಸಂಜೆ ಟೀ ಬೆಲ್ಲು ಹೊಡೆಯುವವರೆಗೆ ಆ ಕೋಣೆಯಲ್ಲಿ ಅದು ಅದೇ. ಕೋನು ಲೋಟ ಅಂದರೆ ಅಕ್ಕ ಅದರಲ್ಲಿ ಹಾಲು ಕುಡಿದು ಹಾಲಿನ ಮೀಸೆ ಒರೆಸಿಕೊಳ್ಳುತ್ತಿದ್ದರು. ಬಟ್ಟೆಯ ಚಿಂದಿ ಹೊಳೆ ಅಂದರೆ ಸೀರೆ ಎತ್ತಿಕೊಂಡು ದಾಟುತ್ತಿದ್ದರು. ನಾಳೆ ಆ ಕೋನು ಫೋನಾಗಬಹುದು, ಪೊಲೀಸಾಗಬಹುದು. ಅದು ನಾಳೆಯ ಮಾತು.

ಹೆಸರು ಯಾಕೆ ಹೇಳಿಕೊಡಲ್ಲ ಅಂತ ನಾನೊಮ್ಮೆ ಕೇಳಿದೆ. ಅವರು ಮೊಂಡು ಬೆರಳು ಎತ್ತಿ ತೋರಿಸಿದರು.

"ತೋರುಬೆರಳೇ ಇಲ್ಲದೋಳು ನಾನು. ಇದು ಇಂಥದ್ದೇ ಅಂತ ಹೆಂಗೆ ತೋರಿಸ್ಲಿ ತಮ್ಮಾ?"

ನಕ್ಕುಬಿಟ್ಟೆ. ನಿಜವಾದ ಕಾರಣ ಅವರು ನನ್ನ ಹೆಂಡತಿಗೆ ಹೇಳಿದ್ದರು. ಅವರ ಮಗ ಸಣ್ಣವನಿದ್ದಾಗ ಇಲ್ಲಿ ಮಕ್ಕಳ ಕೋಣೆ ಇರಲಿಲ್ಲ. ಮನೆಯೊಳಗೆ ಕೂಡಿಹಾಕಿ ಬೀಗ ಜಡಿದು ಕೆಲಸಕ್ಕೆ ಬರುತ್ತಿದ್ದರಂತೆ. ಒಳಗೆ ಮಗುವಿಗೆ ಪೆಟ್ಟಾಗದ ಹಾಗೆ ಎಲ್ಲ ತೆಗೆದಿಟ್ಟು ಒಂದು ಸ್ಟೂಲು ಮಾತ್ರ ಬಿಟ್ಟಿದ್ದರು. ಒಂದು ದಿನ ಬೇಗ ಬಂದು ಬಾಗಿಲ ಸಂದಿಯಲ್ಲಿ ನೋಡಿದರೆ ಹುಡುಗ ಸ್ಟೂಲನ್ನು ಅಪ್ಪಿಕೊಂಡು ಅಮ್ಮಾ ಅಮ್ಮಾ ಅಂತ ಮಾತಾಡುತ್ತಿದ್ದಾನೆ. ಸ್ಟೂಲಿನ ಪರವಾಗಿ ತಾನೇ ಉತ್ತರವನ್ನೂ ಕೊಡುತ್ತಿದ್ದಾನೆ. "ಆ ಸ್ಟೂಲು ಇಲ್ದಿದ್ರೆ ನನ್ನ ಮಗ ಹುಚ್ಚನಾಗಿರ್ತಿದ್ದ" ಅಂದರಂತೆ ಅಕ್ಕ. "ಈಗ ಲಾರಿ ಓಡಿಸ್ತಾನೆ."

ಇನ್ನು ನನ್ನ ಮಗಳ ವಿಷಯ. ನನ್ನ ಹೆಂಡತಿ ಗುಂಡಿ ಹಾಕುವ ಮೆಷಿನ್ನಿನಲ್ಲಿ ಕೆಲಸ ಮಾಡುತ್ತಾಳೆ. ಮಗು ಏಳು ತಿಂಗಳಿಗೇ ಹುಟ್ಟಿತು. ಅಂಗಿಯ ಗುಂಡಿಯಷ್ಟಿದೆ ಅಂತ ಲೈನಿನ ಹೆಂಗಸರು ಗುಂಡಿ ಅಂತಲೇ ಕರೆದರು. ಯಾರಾದರೂ ಹೊಸಬರು ನಕ್ಕರೆ, ಅಂಗಿಯ ಗುಂಡಿ ಕಣ್ರೀ, ರಸ್ತೆಯದಲ್ಲ ಅಂತ ನನ್ನ ಹೆಂಡತಿ ಜಗಳಕ್ಕೆ ಹೋಗುತ್ತಿದ್ದಳು. ಗುಂಡಿ ನಡೆದದ್ದು ಎರಡು ತುಂಬಿದ ಮೇಲೆ. ಮೂರಾದರೂ ಮಾತಿಲ್ಲ. ಎಲ್ಲರೂ ಒಂದೊಂದು ಹೇಳಿದರು. ನಾವಿಬ್ಬರೂ ಮನೆಯಲ್ಲಿ ಆ ವಿಷಯ ಎತ್ತುತ್ತಿರಲಿಲ್ಲ.

ಅಕ್ಕ ನನ್ನ ಡಬ್ಬವೊಂದಕ್ಕೆ ಚೌಕವಾಗಿ ತೂತು ಕೊರೆದು ಅದನ್ನು ಕಿಟಕಿ ಮಾಡಿದ್ದರು. ಗೋಡೆಯ ಕಿಟಕಿ ಯಾವ ಮಗುವಿಗೂ ಎಟುಕದು, ಇದು ಎಟುಕುತ್ತದೆ. ಒಬ್ಬೊಬ್ಬರೇ ಮುಖ ಇಟ್ಟು ಹೊರಗೆ ಏನಿದೆ ಅಂತ ಹೇಳಬೇಕು. ಗುಂಡಿ ಎಷ್ಟೋ ದಿನ ಸುಮ್ಮನೆ ಮುಖ ಇಟ್ಟು ಸರಿಯುತ್ತಿದ್ದಳು. ಒಂದು ದಿನ ಮುಖ ತೆಗೆಯದೆ, "ಆನೆ ಅಳ್ತಾ ಇದೆ" ಅಂದಳು. ಅದೇ ಅವಳ ಮೊದಲ ಮಾತು. ಅಕ್ಕ ಓಡಿ ಬಂದು ಪ್ಯಾಕಿಂಗಿನಲ್ಲಿ ಎಲ್ಲರ ಮುಂದೆ ಹೇಳಿದರು. ನಾನು ಟೇಪು ಕತ್ತರಿಸುತ್ತಿದ್ದೆ. ಮತ್ತೆ ಎಷ್ಟು ಹೊತ್ತು ಕತ್ತರಿಸುತ್ತಲೇ ಇದ್ದೆನೋ, ಗಜಗಟ್ಟಲೆ ಟೇಪು ಹಾಳಾಯಿತು.

ಆಮೇಲೆ ಮಾತು ನಿಲ್ಲಲಿಲ್ಲ. ಒಮ್ಮೆ ನಾನು ಡಬ್ಬ ಇಡಲು ಹೋದಾಗ ಒಳಗೆ ದೊಡ್ಡದೊಂದು ಡಬ್ಬ ಬಸ್ಸಾಗಿತ್ತು. ಗುಂಡಿ ಕಂಡಕ್ಟರು. ಕಾಲಿಟ್ಟವನನ್ನು ಟಿಕೆಟ್ ಕೇಳಿದಳು. ನನ್ನ ಹತ್ತಿರ ಇಲ್ಲ ಅಂದೆ. ಇಳಿ ಅಂದಳು. ಅಪ್ಪ ಕಣೇ ಅಂದರೂ ಬಿಡಲಿಲ್ಲ. ಅಕ್ಕ ಒಳಗೆ ಕೂತು, "ಟಿಕೆಟ್ ಇಲ್ದೋರನ್ನ ಇಳಿಸ್ತೀವಿ ತಮ್ಮಾ, ಇಲ್ಲಿ ಅಪ್ಪ ಅಮ್ಮ ಅಂತಿಲ್ಲ" ಅಂದರು. ಇಳಿದೆ.

ಐದು ತುಂಬುವ ಹೊತ್ತಿಗೆ ಸ್ಕೂಲಿಗೆ ಕೇಳಲು ಹೋದೆವು. ಅಲ್ಲಿನ ದೊಡ್ಡ ಮೇಡಂ ಮಗು ನಡೆಯುವುದು ನೋಡಿ, ತಡವಾಗಿ ಮಾತು ಬಂದದ್ದು ಕೇಳಿ, ಆಸ್ಪತ್ರೆಯಿಂದ ಒಂದು ಕಾಗದ ತನ್ನಿ ಅಂದರು. ಬುದ್ಧಿ ಬೆಳೆದಿದೆ ಅಂತ ಕಾಗದ ಬಂದರೆ ಸೇರಿಸಿಕೊಳ್ಳುತ್ತಾರೆ. ಇಲ್ಲ ಅಂದರೆ ಅಂಥ ಮಕ್ಕಳಿಗೆ ಬೇರೆ ಸ್ಕೂಲು ಇದೆ, ರಾತ್ರಿಯಿಡೀ ಬಸ್ಸಿನಲ್ಲಿ ಹೋಗಬೇಕಾದ ಊರಲ್ಲಿ. ಅಲ್ಲೇ ಬಿಟ್ಟು ಬರಬೇಕು. ತಿಂಗಳಿಗೊಮ್ಮೆ ನೋಡಬಹುದು. ನನ್ನ ಹೆಂಡತಿ ಮೇಡಂ ಮೇಜು ಹಿಡಿದುಕೊಂಡು ನಿಂತಳು. ಇನ್ನೂ ಅಮ್ಮನ ಕಿವಿ ಹಿಡಿದುಕೊಳ್ಳದೆ ನಿದ್ದೆ ಮಾಡದ ಮಗು ಅದು.

ಆಸ್ಪತ್ರೆಗೆ ನಾನು ಕರೆದುಕೊಂಡು ಹೋದೆ. ಪರೀಕ್ಷೆ ಮಾಡುವ ಮೇಡಂ ಚಿಕ್ಕ ವಯಸ್ಸಿನವರು, ಒಳ್ಳೆಯವರೇ. ಒಂದು ಹಳದಿ ಪೆಟ್ಟಿಗೆಯಿಂದ ಸಾಮಾನು ತೆಗೆದು ತೆಗೆದು ಇಟ್ಟರು. ನನಗೆ ಮೂಲೆಯ ಕುರ್ಚಿ ತೋರಿಸಿ, ಏನೇ ಆದರೂ ಬಾಯಿ ಬಿಡಬಾರದು ಅಂದರು. ಬಾಯಿ ಬಿಡದಿರುವುದು ನನಗೆ ಕಷ್ಟವಲ್ಲ.

ಮೇಡಂ ಚಮಚ ಎತ್ತಿ ಇದೇನು ಅಂದರು.

"ಇವತ್ತಾ?" ಅಂದಳು ಗುಂಡಿ.

ಮೇಡಂಗೆ ಅರ್ಥವಾಗಲಿಲ್ಲ. ಹೂಂ ಅಂದರು. ಗುಂಡಿ ಚಮಚವನ್ನು ನೆಲಕ್ಕೆ ನಿಲ್ಲಿಸಿ ಹಿಂದೆ ಮುಂದೆ ಎಳೆದು, ಬಸ್ಸಿನ ಗೇರು ಅಂದಳು. ಕಪ್ಪನ್ನು ಟೋಪಿ ಅಂದಳು. ಬಾಚಣಿಗೆಯನ್ನು ಅಮ್ಮನ ಮೆಷಿನ್ನು ಅಂದಳು. ಪುಟ್ಟ ಬೂಟು ತೋರಿಸಿದಾಗ ಬಾಯಿಯ ಮೇಲೆ ಬೆರಳಿಟ್ಟು, ಅದು ಮಲಗಿದೆ, ಎಬ್ಬಿಸಬೇಡಿ ಅಂದಳು. ಹದಿನಾಲ್ಕು ಸಾಮಾನು. ಹದಿನಾಲ್ಕಕ್ಕೂ ಹೀಗೇ. ಅವಳು ಖುಷಿಯಲ್ಲಿದ್ದಳು. ನಾನು ಎರಡು ಸಲ ಎದ್ದೆ. ಮೇಡಂ ಕೈ ಎತ್ತಿದರು, ಎರಡು ಸಲವೂ ಕೂತೆ. ಎಲ್ಲ ಗೊತ್ತು ಅವಳಿಗೆ, ಮನೆಯಲ್ಲಿ ಚಮಚ ಕೊಡು ಅಂದರೆ ಚಮಚವನ್ನೇ ತಂದುಕೊಡುತ್ತಾಳೆ ಅಂತ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಮುಗಿದ ಮೇಲೆ ಹೇಳಿದೆ. ಎಲ್ಲ ಅಪ್ಪ ಅಮ್ಮಂದಿರೂ ಹಾಗೇ ಹೇಳುತ್ತಾರೆ ಅಂದರು ಮೇಡಂ, ಬೈಯುವ ಹಾಗೆ ಅಲ್ಲ.

ಸಾಮಾನು ಗುರುತಿಸುವುದಿಲ್ಲ ಅಂತ ಬರೆದರು. ಒಂದು ತಿಂಗಳು ಬಿಟ್ಟು ಇನ್ನೊಂದು ಸಲ ನೋಡುತ್ತೇನೆ, ಆಗಲೂ ಹೀಗೇ ಆದರೆ ಆ ಊರಿನ ಸ್ಕೂಲಿಗೆ ಕಾಗದ ಕೊಡಬೇಕಾಗುತ್ತದೆ ಅಂದರು.

ಅಲ್ಲಿಂದ ನೇರ ಫ್ಯಾಕ್ಟರಿಗೆ ಹೋದೆ. ಮಗುವನ್ನು ಅದರ ಅಮ್ಮನ ಹತ್ತಿರ ಬಿಟ್ಟು ಮಕ್ಕಳ ಕೋಣೆಯ ಬಾಗಿಲಿಗೆ ಹೋದೆ. ಅಕ್ಕ ನೆಲದ ಮೇಲೆ ಕೂತು ಯಾವುದೋ ಮಗುವಿನ ಆಟಕ್ಕೆ ಚಿಂದಿಯಲ್ಲಿ ಬಾಲ ಹೆಣೆಯುತ್ತಿದ್ದರು. ನಾನು ಮಾತು ಕಮ್ಮಿ ಆಡುವವನು. ಅವತ್ತು ಆಡಿದ್ದು ಇಷ್ಟೇ.

"ನಿಮ್ಮ ಕಸ ಆಡಿಸಿ ಆಡಿಸಿ ನನ್ನ ಮಗೂನ ಹಾಳು ಮಾಡಿದ್ರಿ. ಇನ್ನು ಅವಳನ್ನ ಕಳಿಸ್ತಾರೆ. ನಿಮಗೇನು, ನೀವು ಇನ್ನೊಂದು ಮಗೂಗೆ ಬಾಲ ಕಟ್ತೀರಿ."

ಅಕ್ಕ ಏನಾಯಿತು ಅಂತ ಮಾತ್ರ ಕೇಳಿದರು. ಹೇಳಿದೆ. ಕೈಯಲ್ಲಿದ್ದ ಬಾಲ ಬಿಚ್ಚಿಕೊಂಡಿತು, ಮತ್ತೆ ಹೆಣೆಯಲಿಲ್ಲ.

ನನಗೆ ಅಷ್ಟಕ್ಕೇ ಸಮಾಧಾನ ಆಗಲಿಲ್ಲ. ಆಫೀಸಿಗೆ ಹೋಗಿ ಒಂದು ಹಾಳೆ ಕೇಳಿ ಅರ್ಧ ಪುಟ ಬರೆದುಕೊಟ್ಟೆ. ಆಯಾ ಮಕ್ಕಳಿಗೆ ಏನೂ ಕಲಿಸುವುದಿಲ್ಲ. ಕಸ ಕೊಟ್ಟು ಕೂರಿಸುತ್ತಾರೆ. ಕೆಳಗೆ ಸಹಿ. ಆಫೀಸಿನವನು ಅದನ್ನು ಎರಡು ಸಲ ಓದಿ ಫೈಲಿಗೆ ಹಾಕಿದ.

ಮರುದಿನದಿಂದ ಅಕ್ಕ ಬದಲಾದರು. ನನ್ನ ಕಾಗದಕ್ಕೆ ಹೆದರಿ ಅಲ್ಲ, ಅದು ಅವರಿಗೆ ಗೊತ್ತೇ ಇರಲಿಲ್ಲ. ಆಫೀಸಿನಲ್ಲಿ ಕಾಡಿ ಬೇಡಿ ಬೀರುವಿನ ಬೀಗದ ಕೈ ತಂದರು. ಕೋನುಗಳ ಚೀಲವನ್ನು ಹೊರಗೆ ಹಾಕಿದರು. ಕಿಟಕಿಯ ಡಬ್ಬವನ್ನು ಮಡಚಿ ಬೀರುವಿನ ಹಿಂದೆ ತಳ್ಳಿದರು. ಗುಂಡಿಯನ್ನು ಎದುರಿಗೆ ಕೂರಿಸಿಕೊಂಡು ಒಂದೊಂದೇ ಸಾಮಾನು ಎತ್ತಿ, ಇದು ಚಮಚ, ಇದು ಕಪ್ಪು, ಇದು ಬೂಟು ಅಂತ ಹೇಳಿಕೊಡತೊಡಗಿದರು. ಮಿಕ್ಕ ಹನ್ನೊಂದು ಮಕ್ಕಳೂ ಸುತ್ತ ಕೂತು ಅದನ್ನೇ ಹೇಳಿದವು. ಗುಂಡಿ ಗೇರು ಅಂದರೆ ಅಕ್ಕ ತಲೆ ಅಲ್ಲಾಡಿಸುತ್ತಿದ್ದರು. ಮನೆಗೆ ಬಂದರೆ ಅಲ್ಲಿ ನಾನು. ಊಟದ ತಟ್ಟೆ ಮುಂದಿಟ್ಟು, ಇದೇನು ಹೇಳು, ಆಮೇಲೆ ತುತ್ತು.

ಗುಂಡಿ ಕಲಿತಳು. ಎರಡೇ ವಾರದಲ್ಲಿ ಎಲ್ಲ ಸರಿಯಾಗಿ ಹೇಳಿದಳು. ಹೇಳಿದ ಮೇಲೆ ಪ್ರತಿ ಸಲ ನಮ್ಮ ಮುಖ ನೋಡುತ್ತಿದ್ದಳು. ಮೊದಲು ಮಂಚ ಬಸ್ಸಾಗುತ್ತಿತ್ತು, ನನ್ನ ಚಪ್ಪಲಿ ಎರಡು ನಾಯಿಗಳಾಗಿದ್ದವು. ಈಗ ಮಂಚದ ಮೇಲೆ ಕೈಕಟ್ಟಿಕೊಂಡು ಕೂರುತ್ತಿದ್ದಳು. ಕೇಳಿದರೆ ಮಾತ್ರ ಬಾಯಿ, ಅದೂ ಒಂದೇ ಪದ. ಒಂದು ಸಂಜೆ ನನ್ನ ಹೆಂಡತಿ ಪಾತ್ರೆ ತೊಳೆಯುತ್ತ, ತಿರುಗಿ ನೋಡದೆ ಹೇಳಿದಳು.

"ರೀ, ನಮ್ಮ ಮಗು ಮೂರು ವರ್ಷದ ಹಿಂದೆ ಹಿಂಗೇ ಕೂತಿರ್ತಿತ್ತು."

ನಾನು ಕೇಳಿಸದ ಹಾಗೆ ಇದ್ದೆ. ಇನ್ನು ಹತ್ತು ದಿನ, ಪರೀಕ್ಷೆ ಮುಗಿಯಲಿ ಅಂದುಕೊಂಡೆ. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕರೆ ಅದನ್ನೇ ಹಿಡಿಯುತ್ತಾನೆ.

ಎರಡನೇ ಸಲ ಹೋಗುವಾಗ ಅಕ್ಕ ತಾವೂ ರಜೆ ಹಾಕಿ ಬಂದರು. ನಾನು ಕರೆದಿರಲಿಲ್ಲ. ಬಸ್ಸಿನಲ್ಲಿ ಗುಂಡಿಯನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಒಳಗೆ ಒಬ್ಬರೇ ಬರಬೇಕು ಅಂದರು ಆಸ್ಪತ್ರೆಯವರು. ಅಕ್ಕ ಬಾಗಿಲ ಹೊರಗಿನ ಬೆಂಚಿನಲ್ಲಿ ಕೂತರು.

ಮೇಡಂ ಹಳದಿ ಪೆಟ್ಟಿಗೆ ಖಾಲಿ ಮಾಡಿದರು. ಚಮಚ. ಕಪ್ಪು. ಬಾಚಣಿಗೆ. ಬೂಟು. ಹದಿನಾಲ್ಕಕ್ಕೆ ಹದಿನಾಲ್ಕು. ಮೇಡಂಗೆ ಸಂತೋಷವಾಯಿತು. ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಆಗ ಮೇಡಂ ಇನ್ನೊಂದು ಹಾಳೆ ತೆಗೆದರು. ಹೋದ ಸಲ ಹೆಸರಿನಲ್ಲೇ ನಿಂತುಹೋಗಿತ್ತು, ಈ ಎರಡನೇ ಭಾಗ ಮಾಡಲೇ ಇಲ್ಲ, ಇದೇ ಮುಖ್ಯ ಅಂದರು. ಒಂದು ಗೊಂಬೆ ಮತ್ತು ಒಂದು ಮರದ ತುಂಡು ಕೊಟ್ಟು, ಈ ತುಂಡು ಬನ್ನು ಅಂದುಕೋ, ಗೊಂಬೆಗೆ ತಿನ್ನಿಸು ಅಂದರು.

ಗುಂಡಿ ತುಂಡನ್ನು ನೋಡಿದಳು.

"ಇದು ಮರದ ತುಂಡು."

ಹೌದು ಪುಟ್ಟಿ, ಸುಮ್ಮನೆ ಬನ್ನು ಅಂದುಕೋ ಅಂದರು ಮೇಡಂ.

"ಇದು ಮರದ ತುಂಡು. ಇದು ಗೊಂಬೆ. ಗೊಂಬೆ ತಿನ್ನಲ್ಲ."

ಹೇಳಿ ನನ್ನ ಮುಖ ನೋಡಿದಳು, ಸರಿ ಹೇಳಿದೆ ತಾನೆ ಅನ್ನುವ ಹಾಗೆ. ಮೇಡಂ ಆರು ಸಲ ಬೇರೆ ಬೇರೆ ಥರ ಕೇಳಿದರು. ಆರು ಸಲವೂ ಅವಳು ನಾವು ಕಲಿಸಿದ್ದನ್ನು ಹೇಳಿದಳು. ಮೇಡಂ ಪೆನ್ನು ಹಾಳೆಯ ಮೇಲೆ ಒಂದೊಂದೇ ಗೀಟು ಎಳೆಯುತ್ತಿತ್ತು.

ನಾನು ಎದ್ದೆ. ಮೇಡಂ ಕೈ ಎತ್ತಿದರು. ಈ ಸಲ ಕೂರಲಿಲ್ಲ. ಹೋಗಿ ಬಾಗಿಲು ತೆಗೆದು, "ಅಕ್ಕಾ, ಬನ್ನಿ" ಅಂದೆ. ಮೇಡಂ ಎದ್ದು ನಿಂತರು. ನಾನು ಅವರಿಗೆ ಕೈಮುಗಿದೆ. ಹಾಗೇ ನಿಂತಿದ್ದೆ, ಕೈ ಇಳಿಸಲಿಲ್ಲ. ಐದು ನಿಮಿಷ ಅಂದರು.

ಅಕ್ಕ ಒಳಗೆ ಬಂದು ನೆಲದ ಮೇಲೆ ಹರಡಿದ್ದ ಸಾಮಾನು ನೋಡಿದರು, ಮಗುವನ್ನು ನೋಡಿದರು. ಖಾಲಿ ಹಳದಿ ಪೆಟ್ಟಿಗೆಯ ಹಿಂದೆ ಕಾಲು ಮಡಚಿ ಕೂತರು. ಸೆರಗು ಸರಿಮಾಡಿಕೊಂಡರು. ಆಮೇಲೆ ಸುಮ್ಮನೆ ಪಕ್ಕಕ್ಕೆ ನೋಡುತ್ತ ಮೈ ಅಲ್ಲಾಡಿಸತೊಡಗಿದರು, ಹಾಳು ರಸ್ತೆಯಲ್ಲಿ ಬಸ್ಸು ಹೋಗುವಾಗ ಅಲ್ಲಾಡುವ ಹಾಗೆ.

ಗುಂಡಿ ನೋಡಿದಳು. ಏನೂ ಆಗಲಿಲ್ಲ. ಅಕ್ಕ ಅಲ್ಲಾಡುತ್ತಲೇ ಇದ್ದರು. ಗೋಡೆಯ ಗಡಿಯಾರದ ಸದ್ದು ಕೇಳುತ್ತಿತ್ತು. ಮೂರು ನಿಮಿಷ ಆಗಿರಬೇಕು. ನಾನು ಹೋಗಿ ಅಕ್ಕನ ಹಿಂದೆ ಕೂತೆ. ನನಗೆ ಅಲ್ಲಾಡಲು ಬರಲಿಲ್ಲ, ಆದರೂ ಅಲ್ಲಾಡಿದೆ.

ಗುಂಡಿ ಎದ್ದು ನಿಂತಳು. ಮೊದಲು ಮೇಡಂ ಮುಖ ನೋಡಿದಳು. ಆಮೇಲೆ ನನ್ನ ಮುಖ.

"ಹೇಳಬಹುದಾ?"

ಆ ಮಾತು ಈಗಲೂ ನನ್ನನ್ನು ನಿದ್ದೆಯಿಂದ ಎಬ್ಬಿಸುತ್ತದೆ. ಐದು ವರ್ಷದ ಮಗು ಕೇಳಿದ್ದು. ಹೇಳು ತಾಯಿ ಅಂದೆ.

ಅವಳು ಬಾಚಣಿಗೆ ಎತ್ತಿಕೊಂಡು ಅಕ್ಕನ ಹತ್ತಿರ ಬಂದಳು. ಅಕ್ಕ ಮೊಂಡು ಬೆರಳಿನ ಕೈ ಚಾಚಿ ಖಾಲಿ ಅಂಗೈ ಕೊಟ್ಟರು. ಗುಂಡಿ ಅದರಿಂದ ಏನೋ ತೆಗೆದುಕೊಂಡು, ಬಾಚಣಿಗೆಯಿಂದ ಏನೋ ಹರಿದು ಕೊಟ್ಟಳು. ಆಮೇಲೆ ನನ್ನ ಮುಂದೆ ನಿಂತಳು. ನಾನೂ ಕೈ ಚಾಚಿದೆ. ಅವಳು ಅಂಗೈ ನೋಡಿ ತಲೆ ಅಲ್ಲಾಡಿಸಿದಳು.

"ಏನೂ ಇಲ್ಲ ಇದರಲ್ಲಿ. ಟಿಕೆಟ್ ಇಲ್ದೋರನ್ನ ಇಳಿಸ್ತೀವಿ. ಇಳಿ."

ನಾನು ಇಳಿದು ಮೂಲೆಯ ಕುರ್ಚಿಗೆ ಹೋದೆ. ಗೋಡೆಯ ಕಡೆ ತಿರುಗಿ ಕೂತೆ. ಹಿಂದೆ ಮೇಡಂ ದನಿ ಕೇಳಿಸಿತು, ತನಗೂ ಹತ್ತಬೇಕು, ಈ ಬಸ್ಸು ಎಲ್ಲಿಗೆ ಹೋಗುತ್ತದೆ ಅಂತ ಕೇಳುತ್ತಿದ್ದರು.

ಹತ್ತಿರದ ಸ್ಕೂಲಿಗೇ ಸೇರಿಸಬಹುದು, ವರ್ಷದ ಮೇಲೆ ಒಮ್ಮೆ ತೋರಿಸಿ ಅಂತ ಕಾಗದ ಬಂತು. ನನ್ನ ಹೆಂಡತಿ ಅದನ್ನು ಓದದೆ ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಷಿನ್ನಿಗೆ ಹೋಗಿ ಕೂತಳು. ಗುಂಡಿ ಉಳಿದಳು. ಆದರೂ ಮೊದಲಿನ ಹಾಗಿಲ್ಲ. ಈಗಲೂ ಏನಾದರೂ ಹೇಳುವ ಮೊದಲು ಒಂದು ಸಲ ನನ್ನ ಮುಖ ನೋಡುತ್ತಾಳೆ. ಆಗ ನಾನು ಬೇರೆ ಕಡೆ ನೋಡುತ್ತೇನೆ.

ಅಕ್ಕ ಉಳಿಯಲಿಲ್ಲ. ತಪಾಸಣೆಯವರು ಬಂದಾಗ ಬೀರುವಿನ ಸಾಮಾನು ಸವೆದಿತ್ತು, ರೈಲಿನ ಚಕ್ರ ಇರಲಿಲ್ಲ. ಯಾಕೆ ಅಂತ ಕೇಳಿದವರಿಗೆ ಆಫೀಸಿನವನು ಆಯಾದೇ ತಪ್ಪು ಅಂತ ಫೈಲು ತೆಗೆದು ತೋರಿಸಿದ. ಅದರಲ್ಲಿ ನನ್ನ ಅರ್ಧ ಪುಟ. ಅಕ್ಕನನ್ನು ಫಿನಿಶಿಂಗಿಗೆ, ದಾರ ಕತ್ತರಿಸುವ ಮೇಜಿಗೆ ಹಾಕಿದರು. ತರಬೇತಿ ಆದ ಹುಡುಗಿಯೊಬ್ಬಳು ಮಕ್ಕಳ ಕೋಣೆಗೆ ಬಂದಳು. ಗೋಡೆ ತುಂಬ ಚಿತ್ರದ ಪಟ ಹಾಕಿದ್ದಾಳೆ. ಕಡ್ಡಿಯಲ್ಲಿ ತೋರಿಸುತ್ತಾಳೆ. ಆ ಹನ್ನೊಂದು ಮಕ್ಕಳು ಒಂದೇ ದನಿಯಲ್ಲಿ ಹೇಳುವುದು ಕಟಿಂಗ್ ಸೆಕ್ಷನ್ನಿನವರೆಗೆ ಕೇಳುತ್ತದೆ. ಕಾಗದ ವಾಪಸು ಕೊಡಿ ಅಂತ ಆಫೀಸಿನವನನ್ನು ಕೇಳಿದೆ. ಫೈಲಿಗೆ ಹೋದದ್ದು ಹೋಯಿತು ಅಂದ.

ಅಕ್ಕನ ಹತ್ತಿರ ಮೂರು ಸಲ ಹೋದೆ. ಮೂರು ಸಲವೂ ನಾನು ಬಾಯಿ ತೆಗೆಯುವ ಮೊದಲೇ, "ಟ್ರಾಲಿ ಅಡ್ಡ ಇದೆ, ತೆಗಿ" ಅಂದರು. ಕಾಗದದ ವಿಷಯ ಅವರಿಗೆ ಗೊತ್ತಾಗಿದೆ. ಎಲ್ಲರಿಗೂ ಗೊತ್ತಾಗಿದೆ.

ಹರಿದ ಡಬ್ಬವನ್ನು ನಾನು ಈಗಲೂ ದಿನಕ್ಕೊಂದು ಮಕ್ಕಳ ಕೋಣೆಯ ಬಾಗಿಲಲ್ಲಿ ಇಟ್ಟು ಬರುತ್ತೇನೆ. ಸಂಜೆ ಅದು ಕಸದ ಗಾಡಿಯಲ್ಲಿ ಇರುತ್ತದೆ. ನಿನ್ನೆ ಇರಲಿಲ್ಲ. ಗಾಡಿಯನ್ನೆಲ್ಲ ಕೆದಕಿ ನೋಡಿದೆ, ಇರಲಿಲ್ಲ. ಹೋಗಿ ಅಕ್ಕನ ಮೇಜಿನ ಮುಂದೆ ನಿಂತೆ. ಟ್ರಾಲಿಯನ್ನು ಮೊದಲೇ ಪಕ್ಕಕ್ಕೆ ನಿಲ್ಲಿಸಿದ್ದೆ.

"ಅಕ್ಕಾ, ಡಬ್ಬ ಇವತ್ತು ಕಸಕ್ಕೆ ಬಂದಿಲ್ಲ."

ಅವರು ಕೈಯಲ್ಲಿದ್ದ ಅಂಗಿಯ ತೋಳಿನ ದಾರ ಕತ್ತರಿಸಿ, ಇನ್ನೊಂದು ತೋಳು ತಿರುಗಿಸಿ, ಅದರ ದಾರವನ್ನೂ ಕತ್ತರಿಸಿದರು. ತಲೆ ಎತ್ತಲಿಲ್ಲ.

"ತೂತು ಕೊರೆದಿದ್ಯಾ?"

ಇಲ್ಲ ಅಂದೆ.

"ನಾಳೆ ಕೊರೆದು ಇಡು. ಮಗೂ ಮುಖ ಹಿಡಿಸೋ ಅಷ್ಟು."